ಎಡತೊಡೆಯ ಮೂರು ಸೂಜಿ, ಆಮೇಲಿನ ನಾಲ್ಕು

ಮಗು ಹುಟ್ಟಿ ಆರು ವಾರವಾದಾಗ ಅದರ ಎಡತೊಡೆಗೆ ಒಂದು ಚುಚ್ಚುಮದ್ದು ಬೀಳುತ್ತದೆ. ಔಷಧದ ಪ್ರಮಾಣ ಅರ್ಧ ಮಿಲಿಲೀಟರ್, ಹೆಚ್ಚೆಂದರೆ ಹತ್ತು ಹನಿ. ಹತ್ತನೇ ವಾರಕ್ಕೆ ಮತ್ತೊಂದು, ಹದಿನಾಲ್ಕನೇ ವಾರಕ್ಕೆ ಇನ್ನೊಂದು. ತಾಯಿ ಕಾರ್ಡಿನಲ್ಲಿ ಪೆಂಟಾ-1, ಪೆಂಟಾ-2, ಪೆಂಟಾ-3 ಎಂಬ ಮೂರು ಕಡೆ ದಿನಾಂಕ ಬಿದ್ದ ಮೇಲೆ ಮನೆಯವರಿಗೆ ನೆಮ್ಮದಿ. ಸೂಜಿ ಹಾಕಿಸಿದ ಸಂಜೆ ಬರುವ ಜ್ವರ, ರಾತ್ರಿಯಿಡೀ ಎತ್ತಿಕೊಂಡು ಓಡಾಡುವ ಕಷ್ಟ ಇಲ್ಲಿಗೆ ಮುಗಿಯಿತಲ್ಲ ಎಂದುಕೊಳ್ಳುತ್ತಾರೆ. ಒಂಬತ್ತನೇ ತಿಂಗಳ ದಡಾರದ ಚುಚ್ಚುಮದ್ದಿನ ತನಕ ಹೇಗೋ ನೆನಪಿರುತ್ತದೆ. ಆಮೇಲೆ ಒಂದೂವರೆ ವರ್ಷಕ್ಕೆ, ಐದು ವರ್ಷಕ್ಕೆ, ಹತ್ತಕ್ಕೆ, ಹದಿನಾರಕ್ಕೆ ಇದೇ ಸಾಲಿನ ಇನ್ನೂ ನಾಲ್ಕು ಬಾಕಿ ಇವೆ ಎಂಬುದು ಬಹಳ ಮನೆಗಳಲ್ಲಿ ಮರೆತೇ ಹೋಗುತ್ತದೆ. ಈ ಲೇಖನ ಮುಖ್ಯವಾಗಿ ಆ ನಾಲ್ಕರ ಸಲುವಾಗಿ. ಅವು ಏಕೆ ಬೇಕೆಂದು ತಿಳಿಯಬೇಕಾದರೆ ಮೊದಲ ಮೂರು ಮಗುವಿನ ಮೈಯೊಳಗೆ ಏನು ಮಾಡುತ್ತವೆ ಎಂದು ನೋಡಬೇಕು.

ಪೆಂಟಾ ಲಸಿಕೆ ಐದು ರೋಗಗಳಿಗೆ ಒಂದೇ ಸೂಜಿ: ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ ಕಾಮಾಲೆ, ಮತ್ತೆ ಹಿಬ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾ ಹಾಗೂ ಮೆದುಳುಪೊರೆಯ ಉರಿಯೂತ. ಮೊದಲ ಮೂರು ರೋಗಗಳದ್ದೇ ಹಳೆಯ ಡಿಪಿಟಿ. 1978ರಲ್ಲಿ ದೇಶದ ಲಸಿಕಾ ಕಾರ್ಯಕ್ರಮ ಶುರುವಾದಾಗಿನಿಂದ ಅದು ನಮ್ಮ ಜೊತೆಗಿದೆ. 2011ರ ಕೊನೆಗೆ ಕೇರಳ ಮತ್ತು ತಮಿಳುನಾಡಿನಲ್ಲಿ ಪೆಂಟಾ ಬಂತು, ಕೆಲವೇ ವರ್ಷಗಳಲ್ಲಿ ಕರ್ನಾಟಕವೂ ಸೇರಿ ದೇಶವಿಡೀ ಹರಡಿತು. ಡಿಪಿಟಿ, ಹೆಪಟೈಟಿಸ್-ಬಿ, ಹಿಬ್ ಇವನ್ನು ಬೇರೆ ಬೇರೆಯಾಗಿ ಕೊಟ್ಟಿದ್ದರೆ ಮಗುವಿಗೆ ಒಂಬತ್ತು ಚುಚ್ಚು ಬೇಕಾಗುತ್ತಿತ್ತು. ಈಗ ಮೂರು ಸಾಕು. ಈ ಲೇಖನದಲ್ಲಿ ನಾನು ಹಳೆಯ ಮೂರರ ಬಗ್ಗೆಯೇ ಮಾತಾಡುತ್ತೇನೆ. ಏಕೆಂದರೆ ಬೂಸ್ಟರ್, ಅಂದರೆ ಆಮೇಲಿನ ಮರುಡೋಸ್, ಬೇಡುವುದು ಅವೇ.

ಗಂಟಲಮಾರಿಯನ್ನು ಕಣ್ಣಾರೆ ಕಂಡ ತಂದೆತಾಯಿ ಈಗ ಕಡಿಮೆ. ಮೊದಲು ಸಣ್ಣ ಜ್ವರ, ಗಂಟಲು ನೋವು. ಎರಡು ಮೂರು ದಿನದಲ್ಲಿ ಗಂಟಲೊಳಗೆ ಬೂದುಬಣ್ಣದ ದಪ್ಪ ಪೊರೆ ಕಟ್ಟುತ್ತದೆ. ಕೀಳಲು ಹೋದರೆ ರಕ್ತ ಬರುತ್ತದೆ. ಕತ್ತು ಎರಡೂ ಕಡೆ ಊದಿಕೊಳ್ಳುತ್ತದೆ. ಪೊರೆ ಉಸಿರುದಾರಿಗೆ ಇಳಿದರೆ ಮಗು ಉಸಿರುಕಟ್ಟಿ ಸಾಯಬಹುದು. ಅದನ್ನು ದಾಟಿದ ಮಕ್ಕಳಿಗೂ ಒಂದೆರಡು ವಾರದ ನಂತರ, ಎಲ್ಲ ಸರಿಹೋಯಿತು ಎನ್ನುವಾಗ, ಹೃದಯ ಕೈಕೊಡುವುದುಂಟು. ಗಂಟಲಲ್ಲಿ ಕೂತ ಬ್ಯಾಕ್ಟೀರಿಯಾ ಹೃದಯಕ್ಕೆ ಹೇಗೆ ಹೋಯಿತು? ಅದು ಹೋಗುವುದಿಲ್ಲ. 1888ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಎಮಿಲ್ ರೂ ಮತ್ತು ಅಲೆಕ್ಸಾಂಡರ್ ಯೆರ್ಸಿನ್ ಈ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಸೋಸಿ, ಬ್ಯಾಕ್ಟೀರಿಯಾವನ್ನೆಲ್ಲ ತೆಗೆದು, ಬರೀ ತಿಳಿಯನ್ನು ಪ್ರಾಣಿಗಳಿಗೆ ಚುಚ್ಚಿದರು. ಪ್ರಾಣಿಗಳು ಸತ್ತವು. ಕೊಲ್ಲುವುದು ಬ್ಯಾಕ್ಟೀರಿಯಾ ಉಗುಳುವ ವಿಷ ಎಂಬುದು ಗೊತ್ತಾದದ್ದು ಹಾಗೆ. ಆ ವಿಷ ರಕ್ತದಲ್ಲಿ ಹರಿದು ಜೀವಕೋಶಗಳೊಳಗೆ ಪ್ರೋಟೀನು ತಯಾರಾಗುವುದನ್ನೇ ನಿಲ್ಲಿಸುತ್ತದೆ. ಹೃದಯದ ಸ್ನಾಯು ಮತ್ತು ನರಗಳಿಗೆ ಅದರಿಂದ ಹೆಚ್ಚು ಪೆಟ್ಟು.

ಈ ರೋಗಕ್ಕೆ ಚಿಕಿತ್ಸೆ ಇದೆ. ಕುದುರೆಗಳ ರಕ್ತದಿಂದ ತೆಗೆಯುವ ಪ್ರತಿವಿಷ ಮತ್ತು ಆ್ಯಂಟಿಬಯೊಟಿಕ್. ಆದರೆ ಪ್ರತಿವಿಷ ಹಿಡಿದು ನಿಲ್ಲಿಸಬಲ್ಲದ್ದು ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಮಾತ್ರ. ಜೀವಕೋಶದೊಳಗೆ ಹೊಕ್ಕ ವಿಷಕ್ಕೆ ಅದು ಏನೂ ಮಾಡಲಾರದು. ಆದ್ದರಿಂದ ಒಂದೊಂದು ದಿನ ತಡವೂ ಮಗುವಿನ ಜೀವಕ್ಕೆ ಕುತ್ತು. ಪ್ರತಿವಿಷವೋ ಎಲ್ಲ ಆಸ್ಪತ್ರೆಯ ಕಪಾಟಿನಲ್ಲಿ ಇರುವ ವಸ್ತುವಲ್ಲ. ಒಳ್ಳೆಯ ಚಿಕಿತ್ಸೆ ಸಿಕ್ಕರೂ ನೂರಕ್ಕೆ ಐದರಿಂದ ಹತ್ತು ರೋಗಿಗಳು ಸಾಯುವುದುಂಟು.

ಧನುರ್ವಾಯುವಿನ ಕೆಲಸವೂ ವಿಷದ್ದೇ, ದಾರಿ ಮಾತ್ರ ಬೇರೆ. ಅದರ ಬೀಜಾಣುಗಳು ಮಣ್ಣಿನಲ್ಲಿ, ಸಗಣಿಯಲ್ಲಿ, ರಸ್ತೆಯ ಧೂಳಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಆಳವಾದ ಗಾಯದೊಳಗೆ ಗಾಳಿಯಾಡದ ಜಾಗ ಸಿಕ್ಕರೆ ಮೊಳೆತು ವಿಷ ಬಿಡುತ್ತವೆ. ಆ ವಿಷ ನರಗಳ ಮೂಲಕ ಏರಿ, ಸ್ನಾಯುಗಳಿಗೆ ಸಡಿಲಿಸು ಎಂದು ಹೇಳುವ ಸಂದೇಶವನ್ನು ತಡೆಯುತ್ತದೆ. ಮೊದಲು ದವಡೆ ಕಚ್ಚಿಕೊಳ್ಳುತ್ತದೆ, ಆಮೇಲೆ ಇಡೀ ಮೈ ಸೆಟೆಯುತ್ತದೆ, ಒಂದು ಸದ್ದು, ಒಂದು ಬೆಳಕು ಸಾಕು ಮತ್ತೆ ಸೆಳೆತ ಬರಲು. ಈ ರೋಗ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಊರಿನ ಉಳಿದ ಮಕ್ಕಳೆಲ್ಲ ಲಸಿಕೆ ಹಾಕಿಸಿಕೊಂಡಿದ್ದಾರೆ, ನಮ್ಮ ಮಗುವಿಗೆ ಅವರ ಆಸರೆ ಇದೆ ಎಂಬ ಲೆಕ್ಕ ಇಲ್ಲಿ ನಡೆಯದು. ಮಣ್ಣು ಎಲ್ಲ ಮಕ್ಕಳಿಗೂ ಒಂದೇ. ಇನ್ನೊಂದು ಸಂಗತಿ: ಧನುರ್ವಾಯು ಬಂದು ಬದುಕುಳಿದವರಿಗೂ ಅದು ಮತ್ತೆ ಬರಬಹುದು. ಕೊಲ್ಲಲು ಸಾಕಾಗುವ ಆ ವಿಷದ ಪ್ರಮಾಣ ಎಷ್ಟು ಕಡಿಮೆಯೆಂದರೆ, ರೋಗನಿರೋಧಕ ವ್ಯವಸ್ಥೆ ಅದನ್ನು ಗುರುತಿಸಿ ನೆನಪಿಡಲು ಅಷ್ಟು ಸಾಲದು. ಲಸಿಕೆ ಕೊಡುವ ರಕ್ಷಣೆಯನ್ನು ರೋಗ ಕೊಡುವುದಿಲ್ಲ.

ನಾಯಿಕೆಮ್ಮು ಹಸುಗೂಸುಗಳ ಶತ್ರು. ಕೆಮ್ಮಿನ ಸರಣಿ ಶುರುವಾದರೆ ಉಸಿರು ಎಳೆದುಕೊಳ್ಳಲು ಬಿಡುವೇ ಇಲ್ಲ. ಮುಖ ಕೆಂಪಾಗಿ, ನೀಲಿಯಾಗಿ, ಕೊನೆಗೆ ಕೂಗಿದಂಥ ಸದ್ದಿನೊಂದಿಗೆ ಗಾಳಿ ಒಳಗೆ ಹೋಗುತ್ತದೆ, ವಾಂತಿಯಾಗುತ್ತದೆ. ಎರಡು ಮೂರು ತಿಂಗಳು ಹೀಗೇ. ದೊಡ್ಡ ಮಕ್ಕಳು ಸಾಮಾನ್ಯವಾಗಿ ಗೆದ್ದು ಬರುತ್ತಾರೆ. ಎರಡು ಮೂರು ತಿಂಗಳ ಕೂಸಿಗೆ ಆ ಕೂಗು ಬರುವುದೇ ಇಲ್ಲದಿರಬಹುದು. ಕೆಮ್ಮೂ ಇಲ್ಲದೆ ಉಸಿರೇ ನಿಂತುಹೋಗಬಹುದು. ನಾಯಿಕೆಮ್ಮಿನಿಂದ ಸಾಯುವವರಲ್ಲಿ ಹೆಚ್ಚಿನವರು ಆರು ತಿಂಗಳೊಳಗಿನ ಕೂಸುಗಳು. ಅವಕ್ಕೆ ರೋಗ ಅಂಟುವುದು ಬಹುಪಾಲು ಮನೆಯವರಿಂದಲೇ: ಎರಡು ವಾರದಿಂದ ಬಿಡದ ಒಣಕೆಮ್ಮು ಎಂದುಕೊಂಡಿರುವ ಅಪ್ಪ, ಅಕ್ಕ, ಅಜ್ಜಿ. ಮೊದಲ ಸೂಜಿ ಆರನೇ ವಾರಕ್ಕೇ ಏಕೆ, ಮಗು ಇನ್ನಷ್ಟು ಗಟ್ಟಿಯಾಗಲಿ ಬಿಡಿ ಎನ್ನುವ ಹಿರಿಯರಿಗೆ ಹೇಳಬೇಕಾದ ಉತ್ತರ ಇದು. ಗಟ್ಟಿಯಾಗುವ ಮೊದಲೇ ಈ ರೋಗ ಬರುತ್ತದೆ.

ವಿಷವೇ ಲಸಿಕೆಯಾದದ್ದು

1890ರಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಕಿತಾಸಾತೊ ಶಿಬಾಸಾಬುರೊ ಬರ್ಲಿನ್ನಿನಲ್ಲಿ ಒಂದು ವಿಷಯ ಕಂಡುಕೊಂಡರು: ಸ್ವಲ್ಪ ಸ್ವಲ್ಪ ವಿಷಕ್ಕೆ ಒಡ್ಡಿದ ಪ್ರಾಣಿಯ ರಕ್ತದಲ್ಲಿ ಆ ವಿಷವನ್ನು ಕಟ್ಟಿಹಾಕುವ ವಸ್ತು ಹುಟ್ಟುತ್ತದೆ. ವೈದ್ಯಕೀಯದ ಮೊಟ್ಟಮೊದಲ ನೊಬೆಲ್, 1901ರಲ್ಲಿ, ಬೇರಿಂಗ್‌ಗೆ ಸಂದದ್ದು ಈ ಪ್ರತಿವಿಷದ ಕೆಲಸಕ್ಕೆ. ಆದರೆ ಮಗುವಿಗೆ ನಿಜವಾದ ವಿಷ ಚುಚ್ಚುವ ಹಾಗಿಲ್ಲ. ಆ ತೊಡಕು ಬಿಡಿಸಿದವರು ಫ್ರಾನ್ಸಿನ ಗಾಸ್ತೋಂ ರಾಮೋಂ. 1920ರ ದಶಕದ ಆರಂಭದಲ್ಲಿ ಅವರು ಗಂಟಲಮಾರಿಯ ವಿಷಕ್ಕೆ ಫಾರ್ಮಲಿನ್ ಬೆರೆಸಿ ಕೆಲವು ವಾರ ಬೆಚ್ಚಗಿಟ್ಟರು. ವಿಷದ ಆಕಾರ ಹಾಗೇ ಉಳಿಯಿತು, ಕೊಲ್ಲುವ ಗುಣ ಹೋಯಿತು. ಹಲ್ಲು ಕಿತ್ತ ಹಾವಿನ ಹಾಗೆ. ಇದನ್ನು ಟಾಕ್ಸಾಯ್ಡ್ ಎನ್ನುತ್ತಾರೆ. ಡಿಪಿಟಿಯ ಡಿ ಮತ್ತು ಟಿ ಇವತ್ತಿಗೂ ತಯಾರಾಗುವುದು ಇದೇ ತತ್ತ್ವದಲ್ಲಿ.

ನಡುವಿನ ಪಿ, ಅಂದರೆ ನಾಯಿಕೆಮ್ಮಿನ ಭಾಗ, ಬೇರೆ ಬಗೆಯದು. ಅಲ್ಲಿ ಒಂದೇ ವಿಷದ ಮಾತಲ್ಲ. ಬ್ಯಾಕ್ಟೀರಿಯಾ ಹಲವು ಅಸ್ತ್ರಗಳನ್ನು ಬಳಸುತ್ತದೆ. ಆದ್ದರಿಂದ ಇಡೀ ಬ್ಯಾಕ್ಟೀರಿಯಾವನ್ನೇ ಕೊಂದು ಲಸಿಕೆಗೆ ಸೇರಿಸುತ್ತಾರೆ. ಅಮೆರಿಕದ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನಲ್ಲಿ ಪರ್ಲ್ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್ ಎಂಬ ಇಬ್ಬರು ಮಹಿಳೆಯರು 1930ರ ದಶಕದಲ್ಲಿ ಇದನ್ನು ಸಾಧಿಸಿದರು. ಹಗಲು ಪ್ರಯೋಗಾಲಯದ ಕೆಲಸ ಮುಗಿಸಿ, ಸಂಜೆ ಕೆಮ್ಮುವ ಮಕ್ಕಳಿರುವ ಮನೆಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು. ಮಗುವಿನ ಬಾಯಿಯ ಮುಂದೆ ಒಂದು ತಟ್ಟೆ ಹಿಡಿದು ಕೆಮ್ಮಿಸಿ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದೋ ಎಂದು ನೋಡುತ್ತಿದ್ದರು. ಅದು ಆರ್ಥಿಕ ಕುಸಿತದ ಕಾಲ, ಹಣವೂ ಇಲ್ಲ, ಸಹಾಯಕರೂ ಇಲ್ಲ. ಆಮೇಲೆ ಅವರ ಜೊತೆ ಸೇರಿದ ಲೋನಿ ಗಾರ್ಡನ್ ಎಂಬ ಕಪ್ಪು ಮಹಿಳೆ ಲಸಿಕೆಗೆ ತಕ್ಕ ತಳಿ ಆರಿಸುವುದರಲ್ಲಿ ಹೆಗಲು ಕೊಟ್ಟರು. ಮೂರನ್ನೂ ಒಂದೇ ಸೂಜಿಯಲ್ಲಿ ಬೆರೆಸುವ ಕೆಲಸದಲ್ಲೂ ಕೆಂಡ್ರಿಕ್ ತಂಡದ ಕೈಯಿದೆ. ಲೂಯಿ ಪಾಶ್ಚರ್ ಹೆಸರು ನಮ್ಮ ಮಕ್ಕಳ ಪಠ್ಯದಲ್ಲಿದೆ. ಈ ಮೂವರ ಹೆಸರೂ ಇರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಲಸಿಕೆಯಲ್ಲಿ ಇನ್ನೊಂದು ಮುಖ್ಯ ಸಾಮಗ್ರಿ ಅಲ್ಯೂಮಿನಿಯಂ ಲವಣ. ಬಾಟಲಿಯ ದ್ರವ ತಿಳಿಯಾಗಿರದೆ ಬೆಳ್ಳಗೆ ಮಂಕಾಗಿರುವುದು ಇದರಿಂದ. ಟಾಕ್ಸಾಯ್ಡ್ ಇದರ ಕಣಗಳಿಗೆ ಅಂಟಿಕೊಂಡು ಸ್ನಾಯುವಿನಲ್ಲಿ ಸ್ವಲ್ಪ ಕಾಲ ಉಳಿಯುತ್ತದೆ, ರೋಗನಿರೋಧಕ ಕೋಶಗಳನ್ನು ಅಲ್ಲಿಗೆ ಕರೆಯುತ್ತದೆ. ಈ ಪ್ರಮಾಣದ ಅಲ್ಯೂಮಿನಿಯಂನಿಂದ ಮಗುವಿಗೆ ಅಪಾಯವಿಲ್ಲ; 1930ರ ದಶಕದಿಂದ ಲಸಿಕೆಗಳಲ್ಲಿ ಇದರ ಬಳಕೆ ನಡೆದು ಬಂದಿದೆ.

ಇನ್ನು ಚುಚ್ಚು ತೊಡೆಗೇ ಏಕೆ? ಕೂಸಿನ ಮೈಯಲ್ಲಿ ಸಾಕಷ್ಟು ಬೆಳೆದ ಸ್ನಾಯು ಇರುವುದು ತೊಡೆಯ ಹೊರಬದಿಯ ನಡುಭಾಗದಲ್ಲಿ. ಕುಂಡೆಗೆ ಹಾಕಿದರೆ ಕೊಬ್ಬಿನಲ್ಲಿ ಉಳಿದು ಲಸಿಕೆಯ ಬಲ ಕುಗ್ಗಬಹುದು, ದೊಡ್ಡ ನರಕ್ಕೆ ತಾಗುವ ಭಯವೂ ಉಂಟು. ಎಡತೊಡೆ ಎಂದು ಗೊತ್ತುಮಾಡಿರುವುದು ಯಾವ ಕಡೆ ಊದಿದೆ ಎಂಬುದರಿಂದಲೇ ಯಾವ ಲಸಿಕೆಯ ಪರಿಣಾಮ ಎಂದು ಗುರುತಿಸಲು. ಅದೇ ದಿನ ಬಲತೊಡೆಗೆ ಬೇರೆ ಲಸಿಕೆ ಬಿದ್ದಿರಬಹುದು.

ಒಂದು ಸಾಲದು, ಮೂರೂ ಸಾಲದು

ಮೊದಲ ಡೋಸಿಗೆ ಮಗುವಿನ ಮೈ ಪರಿಚಯ ಮಾಡಿಕೊಳ್ಳುತ್ತದೆ, ಅಷ್ಟೇ. ಪ್ರತಿಕಾಯಗಳು, ಅಂದರೆ ವಿಷವನ್ನು ಕಟ್ಟಿಹಾಕುವ ಆ ವಸ್ತುಗಳು, ಸ್ವಲ್ಪ ಹುಟ್ಟಿ ಬೇಗ ಇಳಿದುಹೋಗುತ್ತವೆ. ತಾಯಿಯಿಂದ ಬಂದ ಪ್ರತಿಕಾಯಗಳೂ ರಕ್ತದಲ್ಲಿದ್ದು ಲಸಿಕೆಗೆ ಸ್ವಲ್ಪ ಅಡ್ಡ ಬರುತ್ತವೆ. ಎರಡನೆಯದು ಆ ಪರಿಚಯವನ್ನು ಗಟ್ಟಿಗೊಳಿಸುತ್ತದೆ, ಮೂರನೆಯದು ರಕ್ಷಣೆಯ ಮಟ್ಟಕ್ಕೆ ಏರಿಸುತ್ತದೆ. ಎರಡು ಡೋಸುಗಳ ನಡುವೆ ಕನಿಷ್ಠ ನಾಲ್ಕು ವಾರ ಬೇಕೇ ಬೇಕು, ಏಕೆಂದರೆ ನೆನಪಿನ ಕೋಶಗಳು ಮಾಗಲು ಅಷ್ಟು ಸಮಯ ಹಿಡಿಯುತ್ತದೆ. ಅವಸರಪಟ್ಟು ಮೊದಲೇ ಹಾಕಿಸಿದರೆ ಆ ಡೋಸ್ ಲೆಕ್ಕಕ್ಕಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮೈಗೆ ನೆನಪು ಉಳಿದಿದ್ದರೆ ರೋಗಾಣು ಬಂದಾಗ ಅದೇ ಎಚ್ಚೆತ್ತು ಪ್ರತಿಕಾಯ ತಯಾರಿಸುವುದಿಲ್ಲವೇ, ಬೂಸ್ಟರ್ ಏಕೆ? ಹೆಪಟೈಟಿಸ್-ಬಿ ವಿಷಯದಲ್ಲಿ ಈ ಮಾತು ಸರಿ. ಆ ವೈರಸ್ ಮೈಯಲ್ಲಿ ಬೇರೂರಲು ವಾರಗಳು ತಿಂಗಳುಗಳು ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ನೆನಪು ಎಚ್ಚೆತ್ತುಕೊಳ್ಳುತ್ತದೆ. ಗಂಟಲಮಾರಿ ಸೋಂಕು ತಗಲಿ ರೋಗ ಕಾಣಿಸಿಕೊಳ್ಳಲು ಎರಡರಿಂದ ಐದು ದಿನ ಸಾಕು. ನೆನಪಿನ ಕೋಶಗಳು ಎದ್ದು ಕೆಲಸ ಶುರುಮಾಡುವ ಹೊತ್ತಿಗೆ ವಿಷ ಹೃದಯವನ್ನು ಮುಟ್ಟಿರುತ್ತದೆ. ಧನುರ್ವಾಯುವಿನಲ್ಲಿ ವಿಷದ ಪ್ರಮಾಣ ಅತ್ಯಲ್ಪ, ಅದು ನೆನಪನ್ನು ಎಬ್ಬಿಸುವ ಖಾತ್ರಿಯೇ ಇಲ್ಲ. ವಿಷದ ಈ ಎರಡು ರೋಗಗಳ ಎದುರು ಪ್ರತಿಕಾಯ ಮೊದಲೇ ರಕ್ತದಲ್ಲಿ ಸಿದ್ಧವಾಗಿ ಓಡಾಡುತ್ತಿರಬೇಕು. ಹದಿನಾಲ್ಕನೇ ವಾರದಲ್ಲಿ ಏರಿದ ಮಟ್ಟ ಒಂದೂವರೆ ವರ್ಷದ ಹೊತ್ತಿಗೆ ಇಳಿಯುತ್ತಾ ಬಂದಿರುತ್ತದೆ. ಆಗ ಕೊಡುವ ಬೂಸ್ಟರ್ ಅದನ್ನು ಮೊದಲಿಗಿಂತ ಎತ್ತರಕ್ಕೆ ಒಯ್ಯುತ್ತದೆ. ಐದು ವರ್ಷಕ್ಕೆ ಮತ್ತೆ ಇಳಿದಾಗ ಮತ್ತೊಮ್ಮೆ. ಪ್ರತಿ ಸಲವೂ ಇಳಿಕೆ ನಿಧಾನವಾಗುತ್ತಾ ಹೋಗುತ್ತದೆ. ಆದ್ದರಿಂದಲೇ ಬೂಸ್ಟರುಗಳ ನಡುವಿನ ಅಂತರವೂ ಹೆಚ್ಚುತ್ತಾ ಹೋಗುತ್ತದೆ.

ಬೂಸ್ಟರ್ ಬಿಟ್ಟರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶವೇ ತೋರಿಸುತ್ತಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 12ರಿಂದ 23 ತಿಂಗಳ ಮಕ್ಕಳಲ್ಲಿ ಶೇ 86.7ರಷ್ಟು ಮಂದಿಗೆ ಮೂರು ಡೋಸ್ ಆಗಿದೆ. ಇದು ಸಣ್ಣ ಸಾಧನೆಯಲ್ಲ. ಆದರೂ 2018ರಲ್ಲಿ ಭಾರತ 8,788 ಗಂಟಲಮಾರಿ ಪ್ರಕರಣಗಳನ್ನು ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಮಾಡಿತು. ಆ ವರ್ಷ ಇಡೀ ಪ್ರಪಂಚದಲ್ಲಿ ವರದಿಯಾದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮವೇ. ಹಿಂದೆ ಇದು ಐದು ವರ್ಷದೊಳಗಿನ ಮಕ್ಕಳ ರೋಗವಾಗಿತ್ತು. ಈಗ ಹಾಸಿಗೆ ಹಿಡಿಯುತ್ತಿರುವವರಲ್ಲಿ ಐದು ದಾಟಿದ, ಶಾಲೆಗೆ ಹೋಗುವ ಮಕ್ಕಳೇ ಹೆಚ್ಚು. 2016ರಲ್ಲಿ ಕೇರಳದ ಮಲಪ್ಪುರಂನಲ್ಲಿ ರೋಗ ಕಾಣಿಸಿಕೊಂಡಾಗ ಹದಿಹರೆಯದವರೂ ಸತ್ತರು. ಕೇರಳದಂಥ ರಾಜ್ಯದಲ್ಲೇ ಹೀಗಾಯಿತಲ್ಲ ಎಂದು ಆಗ ಎಲ್ಲರೂ ಬೆಚ್ಚಿದರು. ಸೋವಿಯತ್ ಒಕ್ಕೂಟ ಒಡೆದ ಮೇಲೆ 1990ರ ದಶಕದಲ್ಲಿ ಆ ದೇಶಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಗಂಟಲಮಾರಿ ಬಂತು, ಸಾವಿರಾರು ಜನ ಸತ್ತರು. ಅವರಲ್ಲಿ ಬಾಲ್ಯದ ರಕ್ಷಣೆ ಕರಗಿಹೋಗಿದ್ದ ವಯಸ್ಕರು ದೊಡ್ಡ ಸಂಖ್ಯೆಯಲ್ಲಿದ್ದರು.

ಈ ಕಾರಣದಿಂದಲೇ 2019ರಿಂದ ನಮ್ಮಲ್ಲಿ ಹಳೆಯ ಟಿಟಿ ಇಂಜೆಕ್ಷನ್ನಿನ ಜಾಗಕ್ಕೆ ಟಿಡಿ ಬಂದಿದೆ. ಧನುರ್ವಾಯುವಿನ ಜೊತೆಗೆ ಗಂಟಲಮಾರಿಯ ಟಾಕ್ಸಾಯ್ಡ್ ಕೂಡ ಅದರಲ್ಲಿದೆ, ಆದರೆ ಚಿಕ್ಕ ಪ್ರಮಾಣದಲ್ಲಿ. ದೊಡ್ಡವರಿಗೆ ಹೆಚ್ಚು ಕೊಟ್ಟರೆ ಕೈ ಊದಿ ನೋಯುತ್ತದೆ, ಅದಕ್ಕೆ. ಹತ್ತು ಮತ್ತು ಹದಿನಾರನೇ ವಯಸ್ಸಿನಲ್ಲಿ, ಹಾಗೆಯೇ ಗರ್ಭಿಣಿಯರಿಗೆ, ಕೊಡುವುದು ಇದೇ.

ಜ್ವರ ಮತ್ತು ಭಯ

ಪೆಂಟಾ ಹಾಕಿಸಿದ ದಿನ ಅರ್ಧದಷ್ಟು ಮಕ್ಕಳಿಗೆ ಜ್ವರವೋ ತೊಡೆ ಊತವೋ ಕಿರಿಕಿರಿಯೋ ಇದ್ದೇ ಇರುತ್ತದೆ. ಹೆಚ್ಚಿನ ಪಾಲು ಇದು ನಾಯಿಕೆಮ್ಮಿನ ಭಾಗದ ಕೊಡುಗೆ. ಸತ್ತ ಬ್ಯಾಕ್ಟೀರಿಯಾದ ಹೊರಕವಚ ಕಂಡು ಮೈ ಎಚ್ಚರಗೊಳ್ಳುತ್ತದೆ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಸಿಸ್ಟರ್ ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್ ಕೊಡಿ, ಎದೆಹಾಲು ಕುಡಿಸುತ್ತಾ ಇರಿ, ಊದಿದ ಜಾಗಕ್ಕೆ ತಣ್ಣೀರಿನಲ್ಲಿ ಹಿಂಡಿದ ಶುಭ್ರ ಬಟ್ಟೆ ಇಡಿ. ಉಜ್ಜಬೇಡಿ, ಬಿಸಿ ಶಾಖ ಕೊಡಬೇಡಿ, ಅರಿಸಿನ ಸುಣ್ಣ ಹಚ್ಚಬೇಡಿ. ಲಸಿಕೆಯ ನಂತರ ಅರ್ಧ ಗಂಟೆ ಅಲ್ಲೇ ಕೂತಿರಿ ಎಂದು ಹೇಳುವುದು ಅತಿ ಅಪರೂಪದ ತೀವ್ರ ಅಲರ್ಜಿ ಆದರೆ ಅಲ್ಲೇ ಚಿಕಿತ್ಸೆ ಕೊಡಲು. ಬಸ್ ತಪ್ಪುತ್ತದೆ ಎಂದು ಎದ್ದು ಬರಬೇಡಿ.

ಮೂರು ಗಂಟೆ ಮೀರಿ ಸಮಾಧಾನವೇ ಆಗದ ಅಳು, ಜ್ವರದ ಜೊತೆ ಸೆಳೆತ, ಮಗು ಬಿಳಿಚಿಕೊಂಡು ಬಟ್ಟೆಯಂತಾಗಿ ಸ್ಪಂದಿಸದಿರುವುದು, ಇವು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ, ಆಶಾ ಕಾರ್ಯಕರ್ತೆಗೂ ತಿಳಿಸಿ. ಹೆಚ್ಚು ಭಯ ಹುಟ್ಟಿಸುವ ಆ ಬಿಳಿಚಿಕೊಳ್ಳುವಿಕೆ ಸಾವಿರ ಎರಡು ಸಾವಿರ ಡೋಸಿಗೆ ಒಮ್ಮೆ ಕಾಣುತ್ತದೆ. ಅದು ತಾನಾಗಿ ಸರಿಹೋಗುತ್ತದೆ, ಮುಂದೆ ಊನ ಉಳಿಸುವುದಿಲ್ಲ. ಆದರೂ ಮುಂದಿನ ಡೋಸ್ ಹೇಗೆ ಎಂಬುದನ್ನು ವೈದ್ಯರು ನಿರ್ಧರಿಸಬೇಕು. ಹಿಂದಿನ ಡೋಸಿನ ಬಳಿಕ ತೀವ್ರ ಅಲರ್ಜಿಯಾಗಿದ್ದರೆ, ಅಥವಾ ಏಳು ದಿನದೊಳಗೆ ಮೆದುಳಿನ ತೊಂದರೆ ಕಾಣಿಸಿಕೊಂಡಿದ್ದರೆ ಈ ಲಸಿಕೆ ಮತ್ತೆ ಕೊಡುವುದಿಲ್ಲ. ನೆಗಡಿ, ಸಣ್ಣ ಭೇದಿ, ಕಡಿಮೆ ತೂಕ, ತಿಂಗಳು ತುಂಬದೆ ಹುಟ್ಟಿದ್ದು ಇವು ಮುಂದೂಡಲು ಕಾರಣಗಳಲ್ಲ.

ಲಸಿಕೆಯಿಂದ ಮೆದುಳಿಗೆ ಹಾನಿ ಎಂಬ ಮಾತು ಹಳೆಯದು. 1974ರಲ್ಲಿ ಇಂಗ್ಲೆಂಡಿನಲ್ಲಿ ಕೆಲವು ಮಕ್ಕಳ ಫಿಟ್ಸ್ ಮತ್ತು ಮೆದುಳಿನ ತೊಂದರೆಗೆ ನಾಯಿಕೆಮ್ಮಿನ ಲಸಿಕೆಯೇ ಕಾರಣವಿರಬಹುದು ಎಂಬ ವರದಿ ಬಂತು. ಪತ್ರಿಕೆ, ಟೀವಿ ಅದನ್ನು ಹರಡಿದವು. ಲಸಿಕೆ ಹಾಕಿಸುವವರ ಪ್ರಮಾಣ ಶೇ 80ರ ಆಸುಪಾಸಿನಿಂದ ಶೇ 30ರ ಹತ್ತಿರಕ್ಕೆ ಕುಸಿಯಿತು, ಹಿಂದೆಯೇ ನಾಯಿಕೆಮ್ಮು ದೊಡ್ಡದಾಗಿ ಎದ್ದಿತು. ಜಪಾನಿನಲ್ಲಿ ಲೆಕ್ಕ ಇನ್ನೂ ಸ್ಪಷ್ಟ: 1974ರಲ್ಲಿ 393 ಪ್ರಕರಣ, ಸಾವು ಇಲ್ಲ. 1975ರಲ್ಲಿ, ಲಸಿಕೆ ಪಡೆದ ಇಬ್ಬರು ಮಕ್ಕಳ ಸಾವಿನ ನಂತರ, ಲಸಿಕೆಯನ್ನು ತಡೆಹಿಡಿದರು. 1979ರಲ್ಲಿ 13 ಸಾವಿರಕ್ಕೂ ಹೆಚ್ಚು ಪ್ರಕರಣ, 41 ಸಾವು. ಇಂಗ್ಲೆಂಡಿನಲ್ಲಿ ಎದ್ದ ಆ ಅನುಮಾನಕ್ಕೆ ಉತ್ತರ ಸಿಗುವಷ್ಟರಲ್ಲಿ ದಶಕಗಳೇ ಉರುಳಿದವು. 2006ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು, ಲಸಿಕೆಯಿಂದಲೇ ಮೆದುಳು ಹಾಳಾಯಿತೆಂದು ನಂಬಲಾಗಿದ್ದ 14 ರೋಗಿಗಳನ್ನು ಪರೀಕ್ಷಿಸಿದಾಗ 11 ಜನರಲ್ಲಿ ಒಂದು ನಿರ್ದಿಷ್ಟ ಜೀನ್‌ನ ದೋಷ ಕಂಡರು. ಅವರ ರೋಗದ ಬೇರು ಹುಟ್ಟಿನಲ್ಲೇ ಇತ್ತು. ಮೊದಲ ಫಿಟ್ಸ್ ಕಾಣಿಸಿಕೊಳ್ಳುವ ವಯಸ್ಸೂ ಲಸಿಕೆಯ ವಯಸ್ಸೂ ಒಂದೇ ಆದದ್ದರಿಂದ ಎರಡಕ್ಕೂ ಗಂಟು ಬಿದ್ದಿತ್ತು. ಆ ತಂದೆತಾಯಿಯರ ಸಂಕಟವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಾರಣ ತಿಳಿಯದ ದುಃಖ ಯಾರನ್ನಾದರೂ ಹೀಗೆ ಎಲ್ಲಿಯೋ ಕಾರಣ ಹುಡುಕುವಂತೆ ಮಾಡುತ್ತದೆ.

ಆ ಭಯದ ಕಾಲದಲ್ಲೇ ಜಪಾನಿನ ಯೂಜಿ ಸಾತೊ ನಾಯಿಕೆಮ್ಮಿನ ಬ್ಯಾಕ್ಟೀರಿಯಾದ ಕೆಲವೇ ಪ್ರೋಟೀನುಗಳನ್ನು ಶುದ್ಧಮಾಡಿ ಹೊಸ ಬಗೆಯ ಲಸಿಕೆ ರೂಪಿಸಿದರು. 1981ರಿಂದ ಅದು ಅಲ್ಲಿ ಬಳಕೆಗೆ ಬಂತು. ನಮ್ಮ ಖಾಸಗಿ ಆಸ್ಪತ್ರೆಗಳಲ್ಲಿ 'ನೋವಿಲ್ಲದ ಲಸಿಕೆ' ಎಂದು ಕೇಳುವುದು ಇದನ್ನೇ. ಜ್ವರ, ಊತ ಕಡಿಮೆ ಎಂಬುದು ನಿಜ. ಆದರೆ ನಾಯಿಕೆಮ್ಮಿನ ವಿರುದ್ಧ ಅದರ ರಕ್ಷಣೆ ಬೇಗ ಕರಗುತ್ತದೆ ಎಂಬುದೂ ಅಷ್ಟೇ ನಿಜ. ಅದನ್ನೇ ನಂಬಿದ್ದ ಕ್ಯಾಲಿಫೋರ್ನಿಯಾದಲ್ಲಿ 2010ರಲ್ಲಿ ನಾಯಿಕೆಮ್ಮು ಎದ್ದು ಹತ್ತು ಕೂಸುಗಳು ಸತ್ತವು. ಸರ್ಕಾರಿ ಆಸ್ಪತ್ರೆಯ ಉಚಿತ ಲಸಿಕೆ ಎರಡನೇ ದರ್ಜೆಯದು ಎಂದು ತಿಳಿದು ಸಾಲ ಮಾಡಿಯಾದರೂ ಖಾಸಗಿಯಲ್ಲಿ ಹಾಕಿಸುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ರಕ್ಷಣೆಯ ದೃಷ್ಟಿಯಿಂದ ಸರ್ಕಾರಿ ಲಸಿಕೆ ಒಂದು ಕೈ ಮೇಲೇ ಇದೆ. ಒಂದು ದಿನದ ಜ್ವರ ಅದಕ್ಕೆ ತೆರುವ ಬೆಲೆ.

ಮಂಜು ತಾಗಬಾರದು

ಲಸಿಕೆ ಕೆಡುವುದು ಬಿಸಿಲಿಗೆ ಎಂದು ಎಲ್ಲರಿಗೂ ಗೊತ್ತು. ಈ ಲಸಿಕೆಗೆ ಅತಿ ಚಳಿ ಇನ್ನೂ ಕೆಟ್ಟದ್ದು. ಇಡಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ. ಹೆಪ್ಪುಗಟ್ಟಿದರೆ ಅಲ್ಯೂಮಿನಿಯಂ ಕಣಗಳು ಒಂದಕ್ಕೊಂದು ಅಂಟಿ ಲಸಿಕೆಯ ಬಲ ಹೋಗುತ್ತದೆ, ಕರಗಿಸಿದರೆ ಮರಳಿ ಬರುವುದಿಲ್ಲ. ಬಾಟಲಿಯ ಮೇಲಿನ ಬಣ್ಣದ ಗುರುತು ಬಿಸಿಯಿಂದ ಆದ ಹಾನಿಯನ್ನು ತೋರಿಸುತ್ತದೆ, ಹೆಪ್ಪುಗಟ್ಟಿದ್ದನ್ನು ತೋರಿಸುವುದಿಲ್ಲ. ಆದ್ದರಿಂದ ಲಸಿಕೆ ಒಯ್ಯುವ ಸಿಸ್ಟರ್ ಬೆಳಗ್ಗೆ ಐಸ್‌ಪ್ಯಾಕನ್ನು ಫ್ರೀಜರಿನಿಂದ ತೆಗೆದ ಕೂಡಲೇ ಕ್ಯಾರಿಯರಿಗೆ ಹಾಕುವುದಿಲ್ಲ. ಹೊರಗಿಟ್ಟು, ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳುವವರೆಗೆ ಕಾಯುತ್ತಾರೆ. ಸಂಶಯ ಬಂದರೆ ಬಾಟಲಿ ಅಲ್ಲಾಡಿಸಿ ಮೇಜಿನ ಮೇಲಿಟ್ಟು ನೋಡುತ್ತಾರೆ. ಹೆಪ್ಪುಗಟ್ಟಿದ್ದರೆ ಗಸಿ ಬೇಗ ತಳಕ್ಕಿಳಿಯುತ್ತದೆ. ಮಲೆನಾಡಿನ ಗುಡ್ಡದ ಮನೆಗೂ ಬಯಲುಸೀಮೆಯ ತಾಂಡಾಕ್ಕೂ ಕೆಡದ ಲಸಿಕೆ ತಲುಪುವುದು ಇಂಥ ಸಣ್ಣ ಎಚ್ಚರಗಳಿಂದ.

ತಡವಾಗಿದ್ದರೆ

ಊರಿಗೆ ಹೋಗಿದ್ದೆವು, ಮಗುವಿಗೆ ಹುಷಾರಿರಲಿಲ್ಲ, ಎರಡನೇ ಡೋಸ್ ನಾಲ್ಕು ತಿಂಗಳು ತಪ್ಪಿತು, ಮೊದಲಿಂದ ಶುರುಮಾಡಬೇಕೇ? ಬೇಡ. ಬಿಟ್ಟಲ್ಲಿಂದ ಮುಂದುವರಿಸಿದರೆ ಸಾಕು. ಒಂದು ವರ್ಷದೊಳಗೆ ಒಂದು ಪೆಂಟಾ ಬಿದ್ದಿದ್ದರೂ ಉಳಿದವನ್ನು ಪೆಂಟಾದಲ್ಲೇ ಮುಗಿಸುತ್ತಾರೆ. ವರ್ಷ ತುಂಬುವವರೆಗೆ ಒಂದೂ ಆಗಿಲ್ಲದಿದ್ದರೆ ನಾಲ್ಕು ವಾರಕ್ಕೊಂದರಂತೆ ಮೂರು ಡಿಪಿಟಿ, ಆರು ತಿಂಗಳ ಬಳಿಕ ಬೂಸ್ಟರ್. ಡಿಪಿಟಿಯನ್ನು ಏಳು ವರ್ಷದವರೆಗೂ ಕೊಡಬಹುದು, ಅದು ದಾಟಿದರೆ ಟಿಡಿ.

ಗರ್ಭಿಣಿಗೆ ಕೊಡುವ ಟಿಡಿಯಿಂದ ತಾಯಿಯ ಪ್ರತಿಕಾಯ ಮಗುವಿಗೆ ದಾಟುತ್ತದೆ. ಹೊಕ್ಕಳಬಳ್ಳಿಯ ಗಾಯದಿಂದ ಬರುತ್ತಿದ್ದ ನವಜಾತ ಧನುರ್ವಾಯುವನ್ನು ದೇಶ 2015ರಲ್ಲಿ ಹತೋಟಿಗೆ ತಂದದ್ದು ಇದರಿಂದ ಮತ್ತು ಸ್ವಚ್ಛ ಹೆರಿಗೆಯಿಂದ. ನಾಯಿಕೆಮ್ಮಿಗೂ ರಕ್ಷಣೆ ಇರುವ ಟಿಡ್ಯಾಪ್ ಲಸಿಕೆ ಖಾಸಗಿಯಲ್ಲಿ ಸಿಗುತ್ತದೆ. ಏಳನೇ ತಿಂಗಳ ಹೊತ್ತಿಗೆ ಅದನ್ನು ಪಡೆದರೆ ಮಗುವಿನ ಮೊದಲ ಆರು ವಾರಕ್ಕೂ ಕಾವಲು ಸಿಕ್ಕಂತೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ನಮ್ಮ ಅಜ್ಜಿಯರಿಗೆ ಅಲ್ಲಿನ ವೈದ್ಯರು ಟಿಡ್ಯಾಪ್ ಹಾಕಿಸಿಕೊಂಡು ಬನ್ನಿ ಎಂದು ಹೇಳಿಸುವುದೂ ಕೂಸಿನ ಸಲುವಾಗಿಯೇ. ವಿಮಾನ ಹತ್ತಿದ ಮೇಲಲ್ಲ, ಕೂಸನ್ನು ಎತ್ತಿಕೊಳ್ಳುವುದಕ್ಕೆ ಎರಡು ವಾರ ಮೊದಲೇ ಹಾಕಿಸಿಕೊಂಡರೆ ಅದು ಕೆಲಸ ಮಾಡುತ್ತದೆ.

ಇನ್ನೊಂದು ಮಾತು. ಬಿದ್ದು ಮೊಣಕಾಲು ತರಚಿದಾಗೆಲ್ಲ ಟಿಟಿ ಹಾಕಿಸುವ ರೂಢಿ ನಮ್ಮಲ್ಲಿದೆ. ಎಲ್ಲ ಡೋಸ್ ಆದ ಮಗುವಿಗೆ ಸ್ವಚ್ಛವಾದ ಸಣ್ಣ ಗಾಯವಾದರೆ, ಕೊನೆಯ ಡೋಸಿನಿಂದ ಹತ್ತು ವರ್ಷದವರೆಗೆ ಅದರ ಅಗತ್ಯವಿಲ್ಲ. ಮಣ್ಣು ಸಗಣಿ ಸೇರಿದ ಆಳವಾದ ಗಾಯಕ್ಕೆ ಐದು ವರ್ಷ. ಸೋಪು ನೀರಿನಲ್ಲಿ ಗಾಯ ತೊಳೆಯುವುದು ಮೊದಲ ಕೆಲಸ.

ಮನೆಯಲ್ಲಿ ಏಳು ತುಂಬದ ಮಗು ಇದ್ದರೆ ಇವತ್ತೇ ಅದರ ಕಾರ್ಡ್ ತೆಗೆದು ಡಿಪಿಟಿ ಎರಡನೇ ಬೂಸ್ಟರಿನ ದಿನಾಂಕ ಇದೆಯೇ ನೋಡಿ. ಒಂದನೇ ತರಗತಿಗೆ ಸೇರಿಸುವ ವರ್ಷವೇ ಅದರ ವರ್ಷ. ಹತ್ತು, ಹದಿನಾರು ತುಂಬಿದ ಮಕ್ಕಳಿದ್ದರೆ ಟಿಡಿ ಆಗಿದೆಯೇ ಕೇಳಿ. ಶಾಲೆಗೆ ಆರೋಗ್ಯ ತಂಡ ಬಂದ ದಿನ ಮಗು ರಜೆಯಲ್ಲಿದ್ದಿರಬಹುದು. ಕಾರ್ಡ್ ಕಳೆದಿದ್ದರೂ ಚಿಂತೆಯಿಲ್ಲ. ಹಳ್ಳಿಯಲ್ಲಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಪಟ್ಟಣದಲ್ಲಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆಯ ದಿನ ಯಾವುದೆಂದು ವಿಚಾರಿಸಿ ಮಗುವನ್ನು ಕರೆದುಕೊಂಡು ಹೋಗಿ. ಅಲ್ಲಿ ಈ ಏಳೂ ಚುಚ್ಚುಮದ್ದು ಉಚಿತ.